ಯಂತ್ರ ನಿಂತರೆ ಅಮ್ಮ ಹಾಡುವುದಿಲ್ಲ

ಎಲ್ಲಿಂದ ಶುರು ಮಾಡಲಿ? ಟಿಕೆಟ್‌ನಿಂದ ಶುರು ಮಾಡಿದ ಕರಡನ್ನು ಹರಿದು ಹಾಕಿದೆ. ಟಿಕೆಟ್ ಸಿಕ್ಕ ಖುಷಿಯಲ್ಲೇ ಎರಡು ಪುಟ ಮುಗಿದರೂ ಯಾರೂ ಮನೆ ಬಿಟ್ಟು ಹೊರಟಿರಲಿಲ್ಲ. ಗಾಯಕನಿಂದ ಶುರು ಮಾಡಿದ ಕರಡಿನಲ್ಲಿ ಆತ ಮೈಕು ಬಿಟ್ಟುಕೊಡಲಿಲ್ಲ. (ಕಥೆಗಾರರೇನು ಕಮ್ಮಿಯೇ ಅನ್ನುತ್ತೀರಾ? ಅನ್ನಿ.) ಹೋಗಲಿ, ಮೆಟ್ಟಿಲಿನಿಂದ ಶುರು ಮಾಡುತ್ತೇನೆ.

೧

ಇಂಡೋರ್ ಸ್ಟೇಡಿಯಂನ ಮೇಲಿನ ಸಾಲಿಗೆ ಹೋಗುವ ಕಡಿದಾದ ಮೆಟ್ಟಿಲು. ಮುಂದೆ ಮಗಳು, ಹಿಂದೆ ಅಮ್ಮ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ. ಮಗಳು ಕಿವಿ ಪರೀಕ್ಷೆ ಮಾಡುವವಳು. ಸದ್ದೇ ಹೊಗದ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, "ಕೇಳಿಸಿದಾಗ ಗುಂಡಿ ಒತ್ತಿ" ಅನ್ನುವುದು ಅವಳ ಕೆಲಸ. ಇಬ್ಬರೂ ಹೀಗೆ ಒಬ್ಬ ಗಾಯಕನ ಕಾರ್ಯಕ್ರಮಕ್ಕೆ ಬಂದದ್ದು ಇದೇ ಮೊದಲು.

"ಇಷ್ಟೆತ್ತರ ಕೂತ್ರೆ ಅವನು ಇರುವೆ ಥರ ಕಾಣ್ತಾನಲ್ಲೇ!"

"ದೊಡ್ಡ ಸ್ಕ್ರೀನ್ ಇದೆ ಅಮ್ಮಾ."

"ಟಿವಿ ಮನೇಲೇ ಇತ್ತಲ್ಲ!"

೨

ಬಂದದ್ದು ಯಾಕೆಂದು ಹೇಳಿಬಿಡುತ್ತೇನೆ, ಸಸ್ಪೆನ್ಸ್ ನನಗೆ ಒಗ್ಗುವುದಿಲ್ಲ.

ಅಮ್ಮ ಹಾಡುತ್ತಾಳೆ, ಆದರೆ ಯಂತ್ರ ತಿರುಗುವಾಗ ಮಾತ್ರ. ಮಗಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟವಳೇ ಲಾಂಡ್ರಿಗೆ ಬಂದು, ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಒಳಗೆ ಅಮ್ಮನ ತುಟಿ ಆಡುವುದು ಕಾಣುತ್ತಿತ್ತು. ಯಂತ್ರ ನಿಂತರೆ ಹಾಡೂ ನಿಲ್ಲುತ್ತಿತ್ತು. ಮನೆಯಲ್ಲಿ ಹಾಡು ಎಂದು ಗೋಗರೆದರೆ, "ಹೋಗೇ, ನಂದು ಕಾಗೆ ದನಿ" ಎಂದು ಕೆಲಸಕ್ಕೆ ಏಳುತ್ತಿದ್ದಳು.

ಮುಂದಿನ ವಾರ ಅಮ್ಮನ ಗಂಟಲಿನ ಗಂಟಿಗೆ ಆಪರೇಷನ್. ಗಂಟು ಕೆಟ್ಟದ್ದಲ್ಲ, ಆದರೆ ದನಿ ಮೊದಲಿನ ಹಾಗೇ ಇರುತ್ತದೆಂದು ಹೇಳಲಾಗದು ಎಂದಿದ್ದಾರೆ ಡಾಕ್ಟರು. ಅದಕ್ಕೇ ಈ ಟಿಕೆಟ್. ಈ ಗಾಯಕನೆಂದರೆ ಅಮ್ಮನಿಗೆ ಪ್ರಾಣ. ಜನರ ಜೊತೆ ಅವಳೂ ಹಾಡಿಯೇ ಹಾಡುತ್ತಾಳೆ, ಪಕ್ಕದಲ್ಲಿ ಕೂತು ಒಮ್ಮೆಯಾದರೂ ಕೇಳಿಸಿಕೊಳ್ಳಬೇಕು. ಮಗಳ ಆಸೆ ಇಷ್ಟೇ.

(ಇಲ್ಲಿ ಮಗಳು ಕಥೆಯಿಂದ ಎದ್ದು ಬಂದಳು.

"ಸಾರ್, ಈ ಆಪರೇಷನ್ ನಿಮ್ಮ ಕಿತಾಪತಿ ತಾನೇ?"

"ಕಥೆಗೆ ತೂಕ ಬೇಕಲ್ಲಮ್ಮಾ."

"ತೂಕ ಬೇಕಿದ್ರೆ ನಿಮ್ಮ ಗಂಟಲಲ್ಲಿ ಇಟ್ಕೊಳ್ಳಿ. ನಮ್ಮಮ್ಮನ ತಂಟೆಗ್ಯಾಕೆ ಬರ್ತೀರಾ?"

ನ್ಯಾಯವಾದ ಮಾತು. ಆಪರೇಷನ್ ಅಳಿಸಿ ನೋಡಿದೆ. "ಇನ್ನೊಂದು ಸಲ ಹೋದರಾಯ್ತು" ಎಂದು ಇಬ್ಬರೂ ಮನೆಯಲ್ಲೇ ಉಳಿದುಬಿಟ್ಟರು. ಬೇರೆ ದಾರಿ ಕಾಣದೆ ಮತ್ತೆ ಬರೆದೆ.)

೩

ದೀಪ ಆರಿತು. ಡ್ರಮ್ಮಿನ ಸದ್ದು ಕುರ್ಚಿಯಿಂದ ಹತ್ತಿ ಎದೆಗೆ ಬಂತು. ಮೂರನೆಯ ಹಾಡಿಗೆ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅಮ್ಮನೂ ಎದ್ದಳು. ಮುಂದಿನ ಕಂಬಿ ಹಿಡಿದು, ಕತ್ತಿನ ನರ ಉಬ್ಬುವಂತೆ, ನಾಚಿಕೆ ಮಾನ ಮರ್ಯಾದೆ ಎಲ್ಲ ಬಿಟ್ಟು ಹಾಡಿದಳು.

ಮಗಳು ಅಮ್ಮನ ಬಾಯಿಗೆ ಕಿವಿ ಕೊಟ್ಟಳು. ಡ್ರಮ್ಮು ಕೇಳಿಸಿತು. ಹಿಂದಿನ ಸಾಲಿನವನ ಶಿಳ್ಳೆ ಕೇಳಿಸಿತು. ಅಮ್ಮ ಕೇಳಿಸಲಿಲ್ಲ. ದಿನವಿಡೀ ಸದ್ದು ಅಳೆಯುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆಸೆಯಿಂದ ಬುದ್ಧಿಗೆ ಮಂಕು ಕವಿದಿತ್ತು. ಅವಳ ಕಣ್ಣು ತುಂಬಿ ಬಂತು.

೪

ಒಂದನೇ ಮುಕ್ತಾಯ: ಸ್ಪೀಕರ್‌ಗಳು ಕೈಕೊಡುತ್ತವೆ. ಎಲ್ಲರೂ ಸುಮ್ಮನಾಗುತ್ತಾರೆ. ಅಷ್ಟೂ ಜನರ ನಡುವೆ ಅಮ್ಮನ ದನಿಯೊಂದೇ...

ಅಮ್ಮ ಗಕ್ಕನೆ ಬಾಯಿ ಮುಚ್ಚಿ ನನ್ನತ್ತ ತಿರುಗಿದಳು. "ಏನಪ್ಪಾ ಕಥೆಗಾರ, ಸದ್ದು ಯಾಕೆ ಇಳಿಸ್ದೆ?"

"ಮಗಳು ಕೇಳಿಸಿಕೊಳ್ಳಲಿ ಅಂತ."

"ಅವಳು ಕೇಳಿಸ್ಕೊಳ್ಳೋ ಹಾಗಿದ್ರೆ ನಂಗೆ ದನೀನೇ ಹೊರಡಲ್ಲಪ್ಪಾ. ಯಾಕೆ ಅಂತ ಕೇಳ್ಬೇಡ, ಮೊದಲಿಂದ್ಲೂ ಹಾಗೇ. ಹಾಕು ಸದ್ದು."

ಹಾಕಿದೆ.

ಎರಡನೇ ಮುಕ್ತಾಯ: ವಾಪಸ್ಸು ಬರುವ ಬಸ್ಸು ಖಾಲಿ. ಅಮ್ಮ ತನಗರಿವಿಲ್ಲದೆ ಗುನುಗುತ್ತಾಳೆ. ಅವಳ ದನಿ...

ಹೇಗಿತ್ತು? "ಇಂಪಾಗಿತ್ತು" ಎಂದು ಬರೆದು ಹೊಡೆದು ಹಾಕಿದೆ. "ಒಡಕಾಗಿತ್ತು" ಎಂದು ಬರೆದೆ. ಅದೂ ಸುಳ್ಳು. ಪದಗಳಿಗೇನು ಬರವಿಲ್ಲ. ಆದರೆ ಆ ಲಾಂಡ್ರಿ ನಾನು ಕಟ್ಟಿದ ಕಥೆಯಲ್ಲ. ಗಾಜಿಗೆ ಒತ್ತಿದ ಮೂಗು ನನ್ನದು. ಒಳಗೆ ತುಟಿ ಆಡಿಸುತ್ತಿದ್ದವಳು ನನ್ನಮ್ಮ. ಅವಳೀಗ ಇಲ್ಲ. ಅವಳ ಹಾಡನ್ನು ನಾನು ಒಂದು ದಿನವೂ ಕೇಳಲಿಲ್ಲ, ಕೇಳಬೇಕೆಂಬ ಆಸೆ ಈಗಲೂ ಹೋಗಿಲ್ಲ. ಒಬ್ಬ ಮಗಳನ್ನು ಬರೆದು, ಕಿವಿಯ ವಿದ್ಯೆ ಕಲಿಸಿ, ಅಮ್ಮನ ಪಕ್ಕದಲ್ಲಿ ಕೂರಿಸಿದರೆ ಅವಳಾದರೂ ಕೇಳಿಸಿಕೊಂಡು ನನಗೆ ಹೇಳಿಯಾಳು ಅಂದುಕೊಂಡಿದ್ದೆ.

೫

ಬಸ್ಸನ್ನೂ ಅಳಿಸಿ ಸ್ಟೇಡಿಯಂನ ಮೇಲಿನ ಸಾಲಿಗೆ ಮರಳಿದೆ.

"ಸಾರ್, ನಿಮಗೂ ಕೇಳಿಸಿಲ್ವಾ?"

"ಇಲ್ಲಮ್ಮಾ."

ಮಗಳು ಸರಿದು ಜಾಗ ಮಾಡಿಕೊಟ್ಟಳು. "ಬನ್ನಿ, ಇಲ್ಲಿ ಕೂತ್ಕೊಳ್ಳಿ. ಕೇಳಿಸಲ್ಲ. ಆದ್ರೆ ಇಲ್ಲಿಂದ ಅಮ್ಮ ಚೆನ್ನಾಗಿ ಕಾಣಿಸ್ತಾರೆ."

ಕೂತಿದ್ದೇನೆ. ಮಧ್ಯೆ ಗಾಜಿಲ್ಲ. ಹಾಡು ಮುಗಿಯುತ್ತ ಬಂದಿದೆ. ಓದುಗರೇ, ನಿಮಗೆ ಮನೆಗೆ ಹೊತ್ತಾಗಿದ್ದರೆ ಹೊರಡಿ, ನಾನೇನೂ ಅಂದುಕೊಳ್ಳುವುದಿಲ್ಲ. ಗಾಯಕನಿಗೆ ಸುಸ್ತಾಗಿದೆ, ಇನ್ನಾದರೂ ಬಿಡು ಎಂಬಂತೆ ನನ್ನತ್ತ ನೋಡುತ್ತಿದ್ದಾನೆ. ಅಮ್ಮ ಮಾತ್ರ ಕಣ್ಣು ಮುಚ್ಚಿ ಬಾಯಿ ತೆರೆದಿದ್ದಾಳೆ. ಪಲ್ಲವಿ ಇನ್ನೊಮ್ಮೆ ಎಂದು ಬರೆಯುತ್ತಿದ್ದೇನೆ. ಪಲ್ಲವಿ ಇನ್ನೊಮ್ಮೆ.