ನನಗೆ ಬರೆಯಲು ಬರುವುದಿಲ್ಲ

"ಅಲ್ಲ ಬೇ ದುರುಗಿ, ನಿನ್ನ ಮೊಮ್ಮಗಳು ಡಾಕ್ಟರ್ ಆಗ್ತೀನಿ ಅಂತ ಕುಣಿತಿದ್ಲಲ್ಲ, ನಾಡಿ ಹಿಡೀಬೇಕಂದ್ರ ನಮ್ಮ ಕೈ ಮುಟ್ಟಬೇಕಲ್ಲೇನು?"

ಶರಣಮ್ಮ ಸಾವುಕಾರ್ತಿ ಇದನ್ನು ಬೈಯಲೆಂದು ಕೇಳಲಿಲ್ಲ. ಪಾಪ, ಅವರಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ದೇವದುರ್ಗದಲ್ಲಿ ಅವರ ಮನೆಯ ಹಿಂದಿನ ಅಂಗಳದಲ್ಲಿ ಒಣ ಮೆಣಸಿನಕಾಯಿಯ ರಾಶಿ ಸೊಂಟದ ಎತ್ತರಕ್ಕೆ ಬಿದ್ದಿತ್ತು. ನಾವು ಎಂಟು ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದೆವು. ನನ್ನ ಮೊಮ್ಮಗಳು ಕಲ್ಯಾಣಿಯೂ ಆ ಎಂಟರಲ್ಲಿ ಒಬ್ಬಳು. ಮೂಗಿಗೆ ದುಪಟ್ಟಾ ಕಟ್ಟಿಕೊಂಡಿದ್ದಳು. ತಲೆ ಎತ್ತಲಿಲ್ಲ.

"ಈ ಕಾಯಿ ನಾವ ಮುಟ್ಟಾಕತ್ತೀವಲ್ರಿ ಅವ್ವಾರ," ಎಂದೆ. "ನಾಳಿ ನಿಮ್ಮ ಸಾರಿನಾಗ ಬೀಳ್ತಾವ."

"ಕಾಯಿ ಕುದಿತಾವ ಬೇ. ಮನಷ್ಯಾರನ್ನ ಕುದಿಸಾಕ ಬರ್ತದೇನು?"

ಪಕ್ಕದಲ್ಲಿ ಕೂತಿದ್ದ ಬಿಸ್ಮಿಲ್ಲಾ ಬೀ ನನ್ನ ಕಿವಿಗೆ ಬಾಯಿ ತಂದಳು. "ಕುದಿಸಾಕ ಬರ್ತಿದ್ರ ಯಾರನ್ನ ಮೊದಲ ಹಂಡೇದಾಗ ಹಾಕಬೇಕು ಅಂತ ನನ್ನ ತಾವ ಲಿಸ್ಟ್ ರೆಡಿ ಅದ."

ಚಹಾ ಬಂತು. ಪೇಪರ್ ಕಪ್ಪು ಬಂದ ಮೇಲೆ ಈ ಮನೆಯಲ್ಲಿ ಬಹಳ ಸುಧಾರಣೆಯಾಗಿದೆ. ಮೊದಲು ನಮ್ಮ ಲೋಟಗಳನ್ನು ಗೋಡೆಯ ಸಂದಿಯಲ್ಲಿ ಬೇರೆ ಇಡಬೇಕಾಗಿತ್ತು. ನಾವೂ ಅವನ್ನು ತೊಳೆದು ಅಲ್ಲೇ ಇಡಬೇಕಾಗಿತ್ತು. ಈಗ ಯಾರಿಗೂ ತೊಂದರೆಯಿಲ್ಲ. ಕುಡಿದು ಬಿಸಾಡಿದರೆ ಆಯಿತು. ಸಾವುಕಾರ್ತಿ ಮಾತ್ರ ಹಳೆಯ ಪದ್ಧತಿಯಂತೆ ಸ್ಟೀಲ್ ಲೋಟದಲ್ಲೇ ಕುಡಿಯುತ್ತಾರೆ.

"ಹೋದ ವರ್ಷ ಸೀಟು ಕೊಡಲಿಲ್ಲಲ್ಲ, ಈ ವರ್ಷ ಸುಮ್ನ ಇರಲಿ," ಎಂದರು ಅವರು ಚಹಾ ಊದುತ್ತ. "ಅರ್ಜಿ ಬರೋ ವರ್ಷ ಹಾಕಿದ್ರಾತು. ಅಲ್ಲಿ ಮಟ ನಮ್ಮತ್ತಿ ಮಗ್ಗಲಕ ಬಂದು ಇರಲಿ. ಮುದುಕಿಗೆ ಹಾಸಿಗಿ ಮ್ಯಾಲೇ ಎಲ್ಲಾ ಆಗ್ತದ. ಉಚ್ಚಿ ಬಟ್ಟಿ ಬದ್ಲಿ ಮಾಡೋದು, ಮೈ ಒರಸೋದು. ಅದೂ ಡಾಕ್ಟರ್ಕೀನೇ ಅಲ್ಲೇನು?"

ಆಗ ಕಲ್ಯಾಣಿ ತಲೆ ಎತ್ತಿದಳು. "ನಾಡಿ ಹಿಡೀಬಾರ್ದು, ಉಚ್ಚಿ ಬಳೀಬೌದೇನ್ರಿ?"

ಸಾವುಕಾರ್ತಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. "ಏನಂದಿ ಲೇ? ನಾಕು ಅಕ್ಷರ ಕಲ್ತು ನಾಲಿಗಿ ಉದ್ದ ಆಗ್ಯಾದೇನು? ದುರುಗಿ, ನಾಳಿಂದ ಈ ರಂಡಿಯನ್ನ ಕರ್ಕೊಂಡು ಬರಬ್ಯಾಡ."

"ನಾಳಿಂದ ಯಾಕ್ರಿ," ಎಂದು ಕಲ್ಯಾಣಿ ಮಡಿಲಲ್ಲಿದ್ದ ತೊಟ್ಟು ಕೊಡವಿ ಎದ್ದು ಹೊರಟೇಬಿಟ್ಟಳು. ನಾನು ಏಳಲಿಲ್ಲ. ನನಗೆ ತಾಳ್ಮೆ ಬಹಳ. ಊರಿನಲ್ಲಿ ಎಲ್ಲರೂ ಹೊಗಳುತ್ತಾರೆ. ಸಂಜೆಯತನಕ ಕೂತು ತೊಟ್ಟು ಮುರಿದೆ.

ಹೋದ ವರ್ಷದ ಕಥೆ ಇಷ್ಟು. ಕಲ್ಯಾಣಿ ನೀಟ್ ಪರೀಕ್ಷೆ ಬರೆದಳು. ಸೀಟು ಸಿಗುವಷ್ಟು ನಂಬರು ಬಂದವು, ನಮ್ಮ ಈ ಭಾಗದ ಮಕ್ಕಳಿಗೆ ಇರುವ ಕೋಟಾದಲ್ಲಿ. ಅದಕ್ಕೆ, ಈಕೆ ಕಲ್ಯಾಣ ಕರ್ನಾಟಕದವಳೇ ಹೌದು ಎಂದು ಸರಕಾರದ ಕಚೇರಿಯೊಂದು ಕಾಗದ ಕೊಡಬೇಕು. ಯಾವ ಊರಿನ ಕಚೇರಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ, ಹೇಳಿದ್ದು ನಾನೇ ಎನ್ನುವುದಕ್ಕೆ ಇನ್ನೊಂದು ಕಾಗದ ಕೇಳಿಯಾರು.

ಆ ಕಚೇರಿಯ ಮೂರನೇ ಟೇಬಲ್ಲಿನ ಸಾಹೇಬ ಅರ್ಜಿ ತಿರುವಿ ನೋಡಿ, "ಹುಟ್ಟಿದ್ದು ಪುಣೆ ಅಂತ ಅದಲ್ಲ?" ಎಂದಿದ್ದ.

"ಗುಳೆ ಹೋಗಿದ್ವಿರಿ. ಕಟ್ಟಡದ ಕೆಲಸದಾಗ ಇದ್ದಾಗ ನಮ್ಮ ಸೊಸಿಗೆ ಬ್ಯಾನಿ ಬಂತು. ಮಗ ಸೊಸಿ ಈಗ್ಲೂ ಅಲ್ಲೇ ಅದಾರ್ರಿ."

"ಹಂಗಾರ ಈಕಿ ಮಹಾರಾಷ್ಟ್ರದಾಕಿ."

"ಹೆಸರೇ ಕಲ್ಯಾಣಿ ಅಂತ ಇಟ್ಟೀವಲ್ರಿ," ಎಂದಿದ್ದೆ. ಅವನು ನಗಲಿಲ್ಲ. ನಾವು ತಲೆತಲಾಂತರದಿಂದ ಇಲ್ಲೇ ದೇವದುರ್ಗದ ಹತ್ತಿರದ ಜಾಲಹಳ್ಳಿ ಕಡೆಯವರು ಎಂದು ಮನೆಯ ಹಿರಿಯರು ಬರೆದುಕೊಡಲಿ, ಎಂದ. ಹಿರಿಯಳು ನಾನೇ. ಬರೆದುಕೊಟ್ಟೆ. ಕೆಳಗೆ ಸಹಿ ಮಾಡಿದೆ.

ಅಲ್ಲೇ ತಪ್ಪಿದ್ದು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ತೌಡು ಬಳಿಯುತ್ತಿದ್ದ ವರ್ಷಗಳಲ್ಲಿ ನಾನು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತೆ. ಕೂದಲು ಬೆಳ್ಳಗಾದ ಮೇಲೆ ಕಲಿತ ಸಹಿಯಾದ್ದರಿಂದ ಜಾಗ ಸಿಕ್ಕಲ್ಲೆಲ್ಲ ಹಾಕುವ ಚಟ. ನಮ್ಮ ಹಳೆಯ ಕಾಗದಗಳಲ್ಲೆಲ್ಲ ಇದ್ದದ್ದು ನನ್ನ ಹೆಬ್ಬೆಟ್ಟು. ಸಾಹೇಬ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೆಬ್ಬೆಟ್ಟಿನ ಮುದುಕಿ ಸಹಿ ಮಾಡಿದ್ದಾಳೆಂದರೆ ಯಾರೋ ಕಳ್ಳ ಸಹಿ ಹಾಕಿದ್ದಾರೆ ಎಂದು ಫೈಲನ್ನು ತನಿಖೆಗೆ ಕಳಿಸಿದ. ತನಿಖೆ ಮುಗಿಯಲಿಲ್ಲ. ರಾಯಚೂರಿನಲ್ಲಿ ಕಾಗದಪತ್ರ ನೋಡುವ ದಿನ ಬಂತು, ಹೋಯಿತು. ಕಾಗದವಿಲ್ಲದವಳಿಗೆ ಸೀಟಿಲ್ಲ ಎಂದರು. ಸರಿಯಾಗಿಯೇ ಹೇಳಿದರು.

ಇದು ನಡೆದು ಎಂಟು ತಿಂಗಳು. ಜಿಲ್ಲೆಯ ದೊಡ್ಡ ಸಾಹೇಬರಿಗೆ ಆಗಲೇ ನಾನೊಂದು ಪತ್ರ ಬರೆದೆ. ಬರೆದು ಜೋಳದ ಡಬ್ಬಿಯೊಳಗೆ ಇಟ್ಟೆ. ದೊಡ್ಡವರಿಗೆ ಪತ್ರ ಹೋದರೆ ಮೂರನೇ ಟೇಬಲ್ಲಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಫೈಲು ಇನ್ನೂ ಕೆಳಗೆ ಹೋಗುತ್ತದೆ. ಕಾಯೋಣ ಎಂದುಕೊಂಡೆ. ಡಬ್ಬಿ ಮೂರು ಸಲ ಖಾಲಿಯಾಗಿ ತುಂಬಿತು. ಪತ್ರ ಅಲ್ಲೇ ಇತ್ತು.

ಈಗ ಮತ್ತೆ ನೀಟ್ ಅರ್ಜಿ ತುಂಬುವ ಕಾಲ. ಕೊನೆಯ ದಿನ ಶುಕ್ರವಾರ. ಸಾವುಕಾರ್ತಿ ಉಪದೇಶ ಮಾಡಿದ್ದು ಮಂಗಳವಾರ.

ಅಂದು ಮನೆಗೆ ಬಂದಾಗ ಕಲ್ಯಾಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೆಣಸಿನಕಾಯಿ ಹಿಡಿದ ಕೈ ಬೆಂಕಿಯ ಮುಂದೆ ಹೆಚ್ಚು ಉರಿಯುತ್ತದೆ. ಒಂದೊಂದು ರೊಟ್ಟಿಗೂ ಒಮ್ಮೆ ಕೈಯನ್ನು ನೀರಿನಲ್ಲಿ ಅದ್ದುತ್ತಿದ್ದಳು.

"ಅರ್ಜಿ ತುಂಬಿದೇನು?" ಎಂದೆ.

"ಈ ವರ್ಷ ತುಂಬಂಗಿಲ್ಲ."

"ಯಾಕ?"

"ಆ ಕಾಗದ ಕೈಗೆ ಬರಲಿ. ಬಂದ ಮ್ಯಾಲ ಬರೋ ವರ್ಷ ತುಂಬ್ತೀನಿ."

"ಅದು ಬರೋದ್ರಾಗ ನಿನ್ನ ತಲಿನೂ ನನ್ನಂಗ ಬೆಳ್ಳಗ ಆಗಿರ್ತದ."

"ಆಗ್ಲಿ. ಓದೂದು ಓದ್ತೀನಿ ಯವ್ವಾ, ಅದಕ್ಕ ಅಂಜಿಕಿಲ್ಲ. ಮತ್ತ ನಂಬರ್ ಬಂದು, ಮತ್ತ ಆ ಕೌಂಟರ್ ಮುಂದ ನಿಂತು, ಎಲ್ಲಾರ ಎದುರಿಗೆ 'ಕಾಗದ ಎಲ್ಲಿ, ಸರಿ ಆಚಿಗಿ' ಅನಿಸ್ಕೋಬೇಕಲ್ಲ, ಅದು ನನ್ನ ಕೈಲೆ ಆಗಂಗಿಲ್ಲ." ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಲಿಲ್ಲ, ಅದು ಸೀಯತೊಡಗಿತು. "ನೀ ಯಾಕ ಸಹಿ ಮಾಡಿದಿ ಅವತ್ತು? ಹೆಬ್ಬಟ್ಟು ಒತ್ತಿದ್ರ ಈಗ ನಾ ಕಾಲೇಜಿನಾಗ ಇರ್ತಿದ್ದೆ."

ನಾನು ರೊಟ್ಟಿ ತಿರುವಿ ಹಾಕಿದೆ. ಎಂಟು ತಿಂಗಳಿಂದ ಅವಳು ನುಂಗಿಕೊಂಡಿದ್ದ ಮಾತು ಅದು. ನನಗೂ ಗೊತ್ತಿತ್ತು.

"ಆತು," ಎಂದೆ. "ನಾಳಿ ಹೋಗಿ ಒತ್ತಿ ಬರ್ತೀನಿ."

ಬುಧವಾರ ಮೊದಲ ಬಸ್ಸಿಗೆ ಹೋದೆ. ಮೂರನೇ ಟೇಬಲ್ಲಿನ ಸಾಹೇಬ ಹನ್ನೊಂದೂವರೆಗೆ ಬಂದ. ಬಂದವನೇ ಚಹಾಕ್ಕೆ ಹೋದ. ಚಹಾದಿಂದ ಬಂದು ಮೊಬೈಲ್ ನೋಡಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಖಾಲಿ ಕುರ್ಚಿ ಇತ್ತು, ಆದರೆ ಅದು ಸಾರ್ವಜನಿಕರಿಗಾಗಿ ಇಟ್ಟದ್ದು.

"ಏನ್ ಮುದುಕಿ, ಮತ್ತ ಬಂದಿ?"

"ಹೆಬ್ಬಟ್ಟು ಒತ್ತಾಕ ಬಂದೀನ್ರಿ."

"ಹಿಂಗ ದಾರಿಗೆ ಬಾ." ಅವನಿಗೆ ಬಹಳ ಸಂತೋಷವಾಯಿತು. ಇಂಕ್ ಪ್ಯಾಡ್ ತಾನೇ ತೆರೆದು ಮುಂದಿಟ್ಟ. "ಮೊದಲ ಇಷ್ಟು ಮಾಡಿದ್ರ ಯಾರಿಗೂ ತ್ರಾಸ ಇರ್ತಿದ್ದಿಲ್ಲ. ನಿಮ್ಮ ಮಂದಿಗೆ ಶಾಣ್ಯಾತನ ಜಾಸ್ತಿ ಆಗ್ಯಾದ."

ಒತ್ತಿದೆ. ಕಾಗದದ ಮೇಲೆ ಒಂದು ಕಪ್ಪು ಗುಂಡು ಮೂಡಿತು. ಒಂದು ಗೆರೆಯೂ ಇರಲಿಲ್ಲ. ಇನ್ನೊಮ್ಮೆ ಒತ್ತಿದೆ. ಮತ್ತೆ ಗುಂಡು.

"ಗೆರಿ ಎಲ್ಲಿ ಅದಾವ?"

"ಸವದಾವ್ರಿ. ತೌಡು, ಸಿಮೆಂಟು, ಮೆಣಸಿನಕಾಯಿ. ರೇಷನ್ ಅಂಗಡಿ ಮಿಷನ್ನೂ ಹಿಡ್ಯಂಗಿಲ್ಲ."

"ಥೂ, ನಿನ್ನ. ಹೆಬ್ಬಟ್ಟಿಗೂ ಬರಂಗಿಲ್ಲ ನೀನು." ಕಾಗದವನ್ನು ಉಂಡೆ ಮಾಡಿ ಕೆಳಗೆ ಎಸೆದ. ಸ್ವಲ್ಪ ಹೊತ್ತು ಕುರ್ಚಿ ತೂಗಿದ. ಆಮೇಲೆ ಕೆಟ್ಟ ಮನುಷ್ಯನಲ್ಲ ಎನ್ನುವಂತೆ ದಾರಿಯೊಂದನ್ನು ಹುಡುಕಿಕೊಟ್ಟ. "ಒಂದು ಕೆಲಸ ಮಾಡು. ಬರದು ಕೊಡು. ನನಗ ಓದು ಬರಹ ಬರಂಗಿಲ್ಲ, ಹೋದ ವರ್ಷದ ಸಹಿ ನಂದಲ್ಲ, ಅಂತ. ತನಿಖಾ ಬಂದ್ ಮಾಡ್ತೀನಿ. ಹೊಸಾ ಅರ್ಜಿ ತಗೋತೀನಿ."

"ಬರಂಗಿಲ್ಲ ಅಂತ ಯಾರ ಬರೀಬೇಕ್ರಿ?"

"ನೀನ ಬರೀಬೇಕು. ಮತ್ಯಾರು ಬರೀತಾರ? ನಿನ್ನ ಕೈಬರಹದಾಗ ಇರಬೇಕು. ರೂಲ್ ಅದ."

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ತಾಯಣ್ಣ ಕೆಮ್ಮುತ್ತ ಹೊರಗೆ ಹೋದ. ಸಾಹೇಬನಿಗೆ ಮಾತ್ರ ಏನೂ ಆಗಲಿಲ್ಲ.

"ಹಂಗಾರ ಹೋದ ವರ್ಷದ ಸಹಿ ಯಾರದಂತ ಆಗ್ತದ್ರಿ?"

"ಅದು ನಿಮ್ಮ ಹುಡುಗಿ ಹಾಕ್ಯಾಳಂತ ಆಗ್ತದ. ಸಣ್ಣಾಕಿ, ತಿಳೀದ ಮಾಡ್ಯಾಳ ಅಂತ ನಾ ಬರ್ಕೋತೀನಿ. ಬರೋ ವರ್ಷಕ್ಕ ಎಲ್ಲಾ ಕ್ಲಿಯರ್. ಅಷ್ಟು ಅವಸರ ಏನದ? ಈ ವರ್ಷ ಡಾಕ್ಟರ್ ಆಗಲಿಲ್ಲಂದ್ರ ರೋಗಿಗಳು ಸಾಯ್ತಾರೇನು?"

"ಬರಕೊಡ್ತೀನ್ರಿ," ಎಂದೆ. "ಮನಿಗೆ ಹೋಗಿ, ಸಮಾಧಾನದಾಗ."

ಮನೆಗೆ ಬಂದವಳೇ ಡಬ್ಬಿಯಿಂದ ಪತ್ರ ತೆಗೆದೆ. ಜೋಳದ ವಾಸನೆ ಹಿಡಿದಿತ್ತು. ಕಲ್ಯಾಣಿಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೇಳಿದೆ. ನೆಲದ ಮೇಲೆ ಕೂತು, ಸಾಹೇಬ ಹೇಳಿದಂತೆಯೇ, ದುಂಡಗಿನ ಅಕ್ಷರದಲ್ಲಿ ಬರೆದೆ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ಓದತೊಡಗಿದಳು.

"ದಿವಂಗತ ತಾಯಪ್ಪನ ಹೆಂಡತಿ ದುರುಗಮ್ಮ ಆದ ನಾನು ಬರೆದುಕೊಡುವುದೇನೆಂದರೆ, ನನಗೆ ಬರೆಯಲು ಬರುವುದಿಲ್ಲ. ಮೇಲಿನ ವಾಕ್ಯವನ್ನು ನಾನೇ ನನ್ನ ಸ್ವಂತ ಕೈಯಿಂದ ಬರೆದಿರುತ್ತೇನೆ. ನನಗೆ ಸಹಿ ಮಾಡಲೂ ಬರುವುದಿಲ್ಲ. ಸಹಿ, ದುರುಗಮ್ಮ."

ಕಲ್ಯಾಣಿ ಎರಡು ಸಲ ಓದಿದಳು. ಅವಳ ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ಅಳುತ್ತಿದ್ದಾಳೆ ಎಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಂಟು ತಿಂಗಳಾಗಿತ್ತು ಆ ನಗು ಕೇಳಿ.

"ಇದನ್ನ ಆ ಭಾಡ್ಯಾಗ ಕೊಡ್ತೀಯೇನು?"

"ಅವಗ್ಯಾಕ? ದೊಡ್ಡ ಸಾಹೇಬರಿಗೆ. ನಿಮ್ಮ ಕಚೇರ್ಯಾಗ ಮಾಡಂದಂಗ ಮಾಡೀನಿ ಅಂತ ಪತ್ರದ ಜೋಡಿ ಕಳಸ್ತೀನಿ."

ಅವಳ ನಗು ನಿಂತಿತು. "ಅವ ಸಿಟ್ಟಾದ್ರ ಫೈಲ್ ಪೂರಾ ಮುಚ್ಚಿಬಿಡ್ತಾನ ಯವ್ವಾ. ಆಮ್ಯಾಲ ಬರೋ ವರ್ಷನೂ ಇಲ್ಲ, ಅದರ ಮುಂದಿನ ವರ್ಷನೂ ಇಲ್ಲ."

"ಹೌದು," ಎಂದೆ. "ಇಲ್ಲಂದ್ರ ಆ ಸಹಿ ನೀ ಹಾಕಿದಿ ಅಂತ ಒಪ್ಪಿಕೋಬೇಕು. ಅವ ಹೇಳಿದ್ದು ಅದೇ. ಹೊಸಾ ಫೈಲಿನಾಗ ಮೊದಲ್ನೇ ಹಾಳಿನೇ, ಕಲ್ಯಾಣಿ ಕಳ್ಳಿ ಅಂತ ಇರ್ತದ."

ಅವಳು ಹಾಳೆಯನ್ನು ನೋಡುತ್ತ ಕೂತಳು. ಹೊರಗೆ ನಳದ ಹತ್ತಿರ ಬಿಸ್ಮಿಲ್ಲಾ ಬೀ ಯಾರಿಗೋ ಕೊಡದ ಸರದಿಗಾಗಿ ಬೈಯುತ್ತಿದ್ದಳು. ಕಲ್ಯಾಣಿ ಎದ್ದು ಗೂಟಕ್ಕೆ ಹಾಕಿದ್ದ ಚೀಲದಿಂದ ಫೋಟೋ, ಆಧಾರ್, ಅಂಕಪಟ್ಟಿ ತೆಗೆದಳು.

"ಆನ್‌ಲೈನ್ ಅಂಗಡಿ ಎಂಟಕ್ಕ ಮುಚ್ತಾರ," ಎಂದಳು. "ಈ ವರ್ಷನ ತುಂಬ್ತೀನಿ. ಕಾಗದ ಬರಲಿ ಬಿಡಲಿ. ಕೌಂಟರ್ ಮುಂದ ನಿಂತು ಕೇಳಿದ್ರ, ಈ ಹಾಳಿದು ಜೆರಾಕ್ಸ್ ತೋರಸ್ತೀನಿ. ಆಚಿಗಿ ಸರಿ ಅನ್ನಲಿ, ನೋಡ್ತೀನಿ."

ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಡೆ ನೋಡದೆ ಅಂದಳು: "ನಿನ್ನೆ ಅಂದದ್ದು..."

"ಹೋಗು ಹೋಗು, ಮುಚ್ಚಿಗಿಚ್ಚಾರು."

ಗುರುವಾರ ಬೆಳಿಗ್ಗೆ ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿ ವಾಹಿದಾ ಎಂಬ ಹೊಸ ಹುಡುಗಿ ಇದ್ದಳು. ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ತೂಗಿದಳು. ತಿರುಗಿಸಿ ನೋಡಿದಳು. ಒಂದು ಮೂಲೆಗೆ ನನ್ನ ಹೆಬ್ಬೆರಳಿನ ಶಾಯಿ ಹತ್ತಿ ಕಪ್ಪು ಗುಂಡೊಂದು ಮೂಡಿತ್ತು. ಎರಡು ಸಲ ಸೋಪು ಹಾಕಿ ತಿಕ್ಕಿದ್ದರೂ ಶಾಯಿ ಹೋಗಿರಲಿಲ್ಲ.

"ಅಮ್ಮಾ, ಕಳಸೋರ ವಿಳಾಸ ಬರದಿಲ್ಲಲ್ರಿ," ಎಂದಳು. ನನ್ನ ಬೆರಳು ನೋಡಿದಳು, ಸೀರೆ ನೋಡಿದಳು. ದನಿ ಮೆತ್ತಗಾಯಿತು. "ನಾ ಬರೀಲೇನ್ರಿ? ನಿಮಗ ಬರ್ಯಾಕ ಬರ್ತದೇನು?"

"ಅದರದೇ ತನಿಖಾ ನಡದದ ಯವ್ವಾ, ಎಂಟು ತಿಂಗಳಾತು," ಎಂದೆ. "ಪೆನ್ನು ಕೊಡು."

ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಒಬ್ಬ ಬೇಗ ಮಾಡು ಎಂದು ಗೊಣಗಿದ. ನಾನು ಅವಸರ ಮಾಡಲಿಲ್ಲ. ಹೆಸರು, ಕೇರಿ, ಊರು, ತಾಲೂಕು, ಜಿಲ್ಲೆ, ಒಂದೊಂದನ್ನೂ ಒಂದೊಂದು ಸಾಲಿನಲ್ಲಿ ಬರೆದೆ. ವಾಹಿದಾ ಮುದ್ರೆ ಎತ್ತಿ ಎರಡು ಸಲ ಗುದ್ದಿದಳು. ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದಳು. ಅದು ಬಾಯಿಯ ಅಂಚಿಗೆ ತಗುಲಿ ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಒಳಗೆ ಜಾರಿತು.