ನೀಲಿ ಬಾಗಿಲಿನ ಕೀಲಿ

ಬೇಸಿಗೆ ರಜೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜುಲೈ ಬಂತೆಂದರೆ ನಮ್ಮ ಹಳ್ಳಿ ಮೊಂಬ್ರಾಕ್‌ನಲ್ಲಿರುವ ಒಂದೇ ಚೌಕದಲ್ಲಿ ಕಾರುಗಳು ನಿಲ್ಲುತ್ತವೆ. ಇಳಿದವರು ನಮ್ಮ ಕಿಟಕಿ, ನಮ್ಮ ಬೆಕ್ಕು, ನಾವು ಒಣಹಾಕಿದ ಲಂಗ ಎಲ್ಲವನ್ನೂ ನೋಡಿ ಆಹಾ ಎಷ್ಟು ಚೆಂದ ಎನ್ನುತ್ತಾರೆ. ಜನವರಿಯಲ್ಲಿ ಬಂದು ಒಂದು ವಾರ ಇದ್ದು ಆಮೇಲೆ ಹೇಳಲಿ. ನೋಡಲು ಇನ್ನೇನೂ ಉಳಿಯದಾಗ ಚರ್ಚಿನ ಕಡೆ ಹೋಗುತ್ತಾರೆ. ಅಲ್ಲಿ ಬೀಗ. ಬಾಗಿಲ ಮೇಲೊಂದು ಹಲಗೆ: 'ಕೀಲಿ ನೀಲಿ ಬಾಗಿಲಿನ ಮನೆಯಲ್ಲಿದೆ.' ನೀಲಿ ಬಾಗಿಲು ನನ್ನದು.

ಅಂಗೈಗಿಂತ ಉದ್ದನೆಯ ಆ ಕಬ್ಬಿಣದ ಕೀಲಿ ಮೂವತ್ತೊಂದು ವರ್ಷ ನನ್ನ ಅಡುಗೆಮನೆಯ ಮೊಳೆಯಲ್ಲಿ ತೂಗಿತು. ಅದಕ್ಕೂ ಮೊದಲು ಅಮ್ಮನ ಹತ್ತಿರ ಇತ್ತು. ಸಾಯುವಾಗ ಅಮ್ಮ ಅದನ್ನು ಮಗನಿಗೆ ಕೊಡದೆ ನನಗೆ ಕೊಟ್ಟಳು. ಅವತ್ತೇ ಅಣ್ಣನ ಹೆಂಡತಿ ಸೊಲಾಂಜ್ ನನ್ನ ಜೊತೆ ಮಾತು ಬಿಟ್ಟಳು. ನಾನೂ ಬಿಟ್ಟೆ. ಅಣ್ಣ ಸತ್ತಾಗ ಹೆಣದ ಆ ಕಡೆ ಅವಳು ನಿಂತಿದ್ದಳು, ಈ ಕಡೆ ನಾನು. ಅವಳ ಮನೆ ಚೌಕದ ಆಚೆ ಬದಿಗೆ, ಹಸಿರು ಬಾಗಿಲು.

ಆಮೇಲೆ ನನ್ನ ಗಂಡ ಹೋದ, ಊರಿನ ಬೇಕರಿ ಮುಚ್ಚಿತು, ಶಾಲೆ ಮುಚ್ಚಿತು. ಅಂಚೆಯವಳು ಕಾಗದ ಡಬ್ಬಿಗೆ ಹಾಕಿ ಗಾಡಿಯಿಂದ ಇಳಿಯದೆಯೇ ಹೋಗುತ್ತಾಳೆ. ನನ್ನ ಬಾಗಿಲು ತಟ್ಟುವವರೆಂದರೆ ಕೀಲಿ ಕೇಳಿಕೊಂಡು ಬರುವವರು ಮಾತ್ರ. ಅವರನ್ನು ಬೈಯುತ್ತಲೇ ಬಾಗಿಲು ತೆಗೆಯುತ್ತಿದ್ದೆ, ಆದರೆ ತೆಗೆಯುತ್ತಿದ್ದೆ.

ನನ್ನ ನಿಯಮ ಎರಡೇ. ಹನ್ನೆರಡರಿಂದ ಎರಡರವರೆಗೆ ಊಟ, ಬಂದವರು ಚೌಕದ ಕಲ್ಲುಬೆಂಚಿನ ಮೇಲೆ ಕಾಯಬೇಕು. ಇನ್ನೊಂದು, ಕೀಲಿ ಒಂಟಿಯಾಗಿ ಯಾರ ಕೈಯಲ್ಲೂ ಹೋಗುವುದಿಲ್ಲ, ಜೊತೆಗೆ ನಾನು ಹೋಗುತ್ತೇನೆ. ಬೆಂಚಿಗೆ ನೆರಳಿಲ್ಲ, ಕೀಲಿಯ ಮುದುಕಿಗೆ ಮರ್ಯಾದೆ ಗೊತ್ತಿಲ್ಲ ಎಂದು ಯಾರೋ ದೂರು ಬರೆದರು. ಪ್ಯಾರಿಸಿನಲ್ಲಿ ನಿವೃತ್ತಿಯಾಗಿ ಇಲ್ಲಿಗೆ ಬಂದು ನಮ್ಮ ಮೇಯರ್ ಆಗಿರುವ ಬ್ರಿಸೊನೆ ಆ ಕಾಗದ ಹಿಡಿದುಕೊಂಡು ಬಂದ.

"ಇನ್ನೊಂದು ಎಡವಟ್ಟಾದ್ರೆ ಕೀಲಿ ಬೇರೆಯವರಿಗೆ ಕೊಡ್ಬೇಕಾಗುತ್ತೆ ಅರ್ಲೆಟ್ ಅವ್ರೇ. ಬಂದವ್ರ ಹತ್ರ ಸ್ವಲ್ಪ ನಗ್ತಾ ಮಾತಾಡಿ."

"ನಗೋಕೆ ನನ್ನ ಹಲ್ಲು ಸರಿಯಿಲ್ಲ," ಎಂದೆ.

ಆಗಸ್ಟಿನ ಆ ಸೋಮವಾರ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದವರು ಡಚ್ ಗಂಡಹೆಂಡತಿ. ಇಬ್ಬರೂ ಏಣಿಯಷ್ಟು ಎತ್ತರ, ಬಿಸಿಲಿಗೆ ಮೂಗು ಕೆಂಪಾಗಿತ್ತು. ನಾನು ಸಾಸಿವೆ ಹಾಕಿ ಬೇಯಿಸಿದ ಮೊಲವನ್ನು ಆಗಷ್ಟೇ ತಟ್ಟೆಗೆ ಬಡಿಸಿಕೊಂಡಿದ್ದೆ.

"ಊಟದ ಹೊತ್ತು. ಎರಡಕ್ಕೆ ಬನ್ನಿ," ಎಂದೆ.

"ಆಗ್ಲಿ ಬಿಡಿ, ನಮಗೇನೂ ಅವಸರ ಇಲ್ಲ," ಎಂದ ಗಂಡ. "ರಜೆ ಅಲ್ವಾ? ನಿಧಾನಕ್ಕೆ ಒಂದೊಂದೇ ಹಳ್ಳಿ ನೋಡ್ಕೊಂಡು ಹೋಗ್ತಿದೀವಿ. ನಿಮ್ಮದು ಹದಿನೇಳನೇದು."

ನಾನು ಹುಟ್ಟಿ ಬೆಳೆದು ಮುದಿಯಾದ ಊರು ಅವರಿಗೆ ಹದಿನೇಳನೆಯದು. ಬಾಗಿಲು ಹಾಕಿಕೊಂಡೆ.

ಅವರು ಬೆಂಚಿನ ಮೇಲೆ ಬಟ್ಟೆ ಹಾಸಿದರು. ಬುಟ್ಟಿಯಿಂದ ಬ್ರೆಡ್ಡು, ಚೀಸು, ಕರಬೂಜ, ವೈನು ಬಂತು. ಚಪ್ಪಲಿ ಕಳಚಿ ಕಾಲು ಚಾಚಿದರು. ಅಷ್ಟಾದರೆ ಸಹಿಸುತ್ತಿದ್ದೆ. ಒಂದೊಂದು ತುತ್ತಿಗೂ ನನ್ನ ಕಿಟಕಿಯೊಳಗೆ ನೋಡಿ ನಗುತ್ತಿದ್ದರು. ಗಂಡ ನನ್ನ ಕಡೆಗೇ ಲೋಟ ಎತ್ತಿದ. ನಾನು ಮುಖ ತಿರುಗಿಸಿ ಮೊಲದ ಮೂಳೆ ಚೀಪುತ್ತಿದ್ದಾಗ ಹೆಂಡತಿ ಕ್ಯಾಮೆರಾ ಎತ್ತಿ ನನ್ನ ಫೋಟೋ ತೆಗೆದಳು.

ನನಗೆ ತಲೆ ಕೆಟ್ಟಿತು. ಮೊಳೆಯಿಂದ ಕೀಲಿ ಕಿತ್ತು, ಕಿಟಕಿ ತೆಗೆದು, ಅವಳ ಮಡಿಲಿಗೆ ಎಸೆದೆ. "ಹೋಗಿ, ನೋಡಿ, ಬೀಗ ಹಾಕಿ, ಕೀಲೀನ ಆ ಕಾಗದದ ಡಬ್ಬೀಲಿ ಹಾಕಿ. ಮತ್ತೆ ನಿಮ್ಮ ಮುಖ ತೋರಿಸ್ಬೇಡಿ ನನಗೆ."

ಹೇಳಿದ್ದರಲ್ಲಿ ಒಂದನ್ನು ಬಿಟ್ಟು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ್ದರು. ಸಂಜೆ ಹೋಗಿ ನೋಡಿದರೆ ಚರ್ಚಿಗೆ ಭದ್ರವಾಗಿ ಬೀಗ ಬಿದ್ದಿತ್ತು, ಬೆಂಚಿನ ಮೇಲೆ ಒಂದು ಬ್ರೆಡ್ಡಿನ ಪುಡಿಯೂ ಇರಲಿಲ್ಲ. ಡಬ್ಬಿ ಖಾಲಿ. ಮೂರು ಸಲ ಕೈ ಹಾಕಿ ತಡಕಿದೆ. ಅವರ ಹೆಸರು ಕೇಳಿರಲಿಲ್ಲ, ಯಾವ ಕಡೆ ಹೊರಟರೆಂದೂ ಕೇಳಿರಲಿಲ್ಲ. ಕೀಲಿ ಕರಬೂಜದ ಸಿಪ್ಪೆಯ ಜೊತೆ ಬುಟ್ಟಿಯಲ್ಲಿ ಹದಿನೆಂಟನೆಯ ಹಳ್ಳಿಗೆ ಹೋಗಿರಬೇಕು. ಇವತ್ತಿಗೂ ವಾಪಸು ಬಂದಿಲ್ಲ.

ಮರುದಿನ ಮಧ್ಯಾಹ್ನ ಎರಡೂವರೆಗೆ ಚರ್ಚಿನಲ್ಲಿ ನಮ್ಮೂರಿನ ಗಾಸ್ಪಾರ್ ಅಜ್ಜನ ಅಂತ್ಯಕ್ರಿಯೆ ಇತ್ತು. ಪ್ರತಿ ಚಳಿಗಾಲ ನಾನು ಕೇಳದಿದ್ದರೂ ನನ್ನ ಗೋಡೆಗೆ ಸೌದೆ ಒಟ್ಟಿ ಹೋಗುತ್ತಿದ್ದ ಮನುಷ್ಯ. ಅವನ ಶವಪೆಟ್ಟಿಗೆ ನನ್ನಿಂದಾಗಿ ಬೀದಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಬೆಳಗ್ಗೆ ಹೂವು ಇಡಿಸಲು ಬಂದ ಬ್ರಿಸೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಪೇಟೆಯ ಬೀಗದವನಿಗೆ ಫೋನ್ ಮಾಡಿದ. ಆಗಸ್ಟ್ ತಿಂಗಳು, ಬೀಗದವನೂ ಸಮುದ್ರದ ದಡದಲ್ಲಿ ರಜೆಯಲ್ಲಿದ್ದ. ಮೇಯರ್ ಮನೆಮನೆಗೆ ಹೋಗಿ ವಿಚಾರಿಸಿ ಹನ್ನೆರಡರ ಹೊತ್ತಿಗೆ ವಾಪಸು ಬಂದ.

"ಸೊಲಾಂಜ್ ಹತ್ರ ಇನ್ನೊಂದು ಇದೆಯಂತೆ. ನಿಮ್ಮಮ್ಮ ತೀರ್ಕೊಂಡ ವರ್ಷವೇ ನಿಮ್ಮಣ್ಣ ಕಮ್ಮಾರನ ಹತ್ರ ಮಾಡಿಸಿಟ್ಟಿದ್ರಂತೆ."

"ಹಾಗಿದ್ರೆ ಇಸ್ಕೊಂಡು ಬರ್ಬೇಕಿತ್ತು ನೀವು."

"ಕೇಳ್ದೆ. ನೀವೇ ಬಂದು ಕೇಳಿದ್ರೆ ಕೊಡ್ತಾರಂತೆ."

ಗಾಸ್ಪಾರ್ ಅಜ್ಜನಲ್ಲದೆ ಬೇರೆ ಯಾರೇ ಆಗಿದ್ದರೂ ಹೋಗುತ್ತಿರಲಿಲ್ಲ. ಚೌಕ ದಾಟಿ ಹಸಿರು ಬಾಗಿಲು ತಟ್ಟಿದಾಗ ಹನ್ನೆರಡು ದಾಟಿ ಹತ್ತು ನಿಮಿಷ. ಒಳಗಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಸೊಲಾಂಜ್ ಕಿಟಕಿ ತೆಗೆದಳು.

"ಯಾರು?"

"ನಾನು."

"ನಾನು ಅಂದ್ರೆ?"

"ಅರ್ಲೆಟ್. ಕೀಲಿ ಬೇಕಿತ್ತು, ಅತ್ತಿಗೆ."

ಮೂವತ್ತೊಂದು ವರ್ಷದ ಮೇಲೆ ಆ ಕರೆ ಗಂಟಲಿಂದ ಮೂಳೆಯ ಹಾಗೆ ಗೀರಿಕೊಂಡು ಹೊರಬಂತು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಊಟದ ಹೊತ್ತು. ಎರಡಕ್ಕೆ ಬಾ. ಬೆಂಚ್ ಇದೆಯಲ್ಲ, ಕೂತ್ಕೊಂಡಿರು."

ಕಿಟಕಿ ಮುಚ್ಚಿತು. ಮನೆಗೆ ಹೋದರೆ ಮತ್ತೆ ಈ ಕಡೆ ಬರಲು ಕಾಲೇಳುವುದಿಲ್ಲ ಎಂದು ಗೊತ್ತಿತ್ತು, ಬೆಂಚಿನ ಮೇಲೆ ಕೂತೆ. ಕಲ್ಲು ಕಾದ ಕಾವಲಿಯಾಗಿತ್ತು. ಕಪ್ಪು ಬಟ್ಟೆ ತೊಟ್ಟು ಸಾವಿಗೆ ಬರುತ್ತಿದ್ದವರೆಲ್ಲ ನನ್ನನ್ನು ನೋಡಿಕೊಂಡೇ ದಾಟಿದರು. ಎದುರಿಗೆ ನನ್ನದೇ ಮನೆ. ಅಲ್ಲಿಂದ ನನ್ನ ಅಡುಗೆಮನೆ ಅಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮೇಜು, ಒಂದು ಕುರ್ಚಿ, ಒಂದು ಲೋಟ, ಬರೀ ಮೊಳೆ. ಒಬ್ಬಳೇ ಕೂತು ಉಣ್ಣುವವಳು ಅಲ್ಲಿಂದ ಪೂರ್ತಿ ಕಾಣುತ್ತಾಳೆ. ಆ ಡಚ್ಚರು ಯಾಕೆ ಲೋಟ ಎತ್ತಿದರೆಂದು ಹೊಳೆದಾಗ ಅವರ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಎರಡು ಹೊಡೆದಾಗ ಸೊಲಾಂಜ್ ಬಂದಳು. ತುಟಿಗೆ ಬಣ್ಣ, ಕೈಯಲ್ಲಿ ಕೀಲಿ. ಅದು ಫಳಫಳ ಹೊಳೆಯುತ್ತಿತ್ತು. ನಾನು ಕೈ ಚಾಚಿದೆ. ಅವಳು ಹಿಂದಕ್ಕೆಳೆದುಕೊಂಡಳು.

"ಕೀಲಿ ಒಂಟಿಯಾಗಿ ಯಾರ ಕೈಯಲ್ಲೂ ಹೋಗಲ್ಲ. ಹಾಗಂತ ನೀನೇ ಅಲ್ವಾ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದಿದ್ದು?"

"ಇಷ್ಟು ವರ್ಷದಲ್ಲಿ ಒಂದು ಸಲಾನೂ ಇದ್ರಿಂದ ಚರ್ಚಿನ ಬೀಗ ತೆಗೀಲಿಲ್ವಾ ನೀನು?"

"ಇಲ್ಲ. ಎಣ್ಣೆ ಹಾಕಿ ಒರೆಸಿ ಇಡ್ತಿದ್ದೆ, ಅಷ್ಟೆ. ಒಂದಲ್ಲ ಒಂದಿನ ನಿನ್ನ ಕೈ ಜಾರುತ್ತೆ ಅಂತ ಗೊತ್ತಿತ್ತು."

ಅವಳು ಮುಂದೆ ನಡೆದಳು, ನಾನು ಹಿಂದೆ. ಕೀಲಿ ಒಂದೇ ಸುತ್ತಿಗೆ ತಿರುಗಿತು. ಗಾಸ್ಪಾರ್ ಅಜ್ಜನ ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಒಳಗೆ ಹೋಯಿತು.

ಮರುದಿನ ಬ್ರಿಸೊನೆ ಹಲಗೆ ಬದಲಾಯಿಸಿದ. 'ಕೀಲಿ ಹಸಿರು ಬಾಗಿಲಿನ ಮನೆಯಲ್ಲಿದೆ.' ಕಾರಿನಿಂದ ಇಳಿದವರು ನನ್ನ ಕಿಟಕಿಯ ಮುಂದೆಯೇ ಹಾದು ಆ ಕಡೆ ಹೋಗತೊಡಗಿದರು. ಹನ್ನೆರಡಕ್ಕೆ ಊಟಕ್ಕೆ ಕೂರುತ್ತೇನೆ, ಎರಡರವರೆಗೂ ಯಾರೂ ತೊಂದರೆ ಕೊಡುವುದಿಲ್ಲ. ಎರಡರ ಮೇಲೂ ಕೊಡುವುದಿಲ್ಲ.

ಆಗಸ್ಟಿನ ಕೊನೆಯ ವಾರ, ನಾನು ಸೂಪು ಬಡಿಸಿಕೊಂಡು ಕೂತಾಗ ಬಾಗಿಲು ಸದ್ದಾಯಿತು. ಚಮಚ ಕೆಳಗೆ ಬಿತ್ತು. ಓಡಿ ಹೋಗಿ ತೆಗೆದೆ. ಟೋಪಿ ಹಾಕಿದ ಗಂಡಹೆಂಡತಿ, ಕೈಯಲ್ಲಿ ಹಳೆಯ ಪ್ರವಾಸದ ಪುಸ್ತಕ.

"ಚರ್ಚಿನ ಕೀಲಿ ಇಲ್ಲೇ ಅಂತ ಇದರಲ್ಲಿ ಬರ್ದಿದೆ. ಊಟದ ಹೊತ್ತಾ? ಕ್ಷಮಿಸಿ."

"ಇಲ್ಲಿಲ್ಲ. ಆ ಹಸಿರು ಬಾಗಿಲು," ಎಂದೆ. "ಈಗ್ಲೇ ಹೋಗಿ. ಜೋರಾಗಿ ಬಡೀರಿ, ಅವಳಿಗೆ ಕಿವಿ ಮಂದ."

ಸೊಲಾಂಜಳಿಗೆ ಇರುವೆ ಹರಿದರೂ ಕೇಳಿಸುತ್ತದೆ. ಅವರು ಹೋಗಿ ದಬದಬ ಬಡಿದರು. ಒಳಗಿಂದ ಅವಳು ಕಿರುಚಿದ್ದು ನನ್ನ ಹೊಸ್ತಿಲಿಗೇ ಕೇಳಿಸಿತು, ಹೊಟ್ಟೆ ತಣ್ಣಗಾಯಿತು. ಇಬ್ಬರೂ ಪೆಚ್ಚುಮೋರೆ ಹಾಕಿಕೊಂಡು ಬೆಂಚಿನ ಮೇಲೆ ಕೂತರು. ಕೀಲಿ ಹೋದಮೇಲೆ ನನ್ನ ಬಾಗಿಲು ತಟ್ಟಿದವರು ಅವರಿಬ್ಬರೇ. ಸೂಪು ಆರುತ್ತಿತ್ತು, ಆದರೂ ಬಾಗಿಲು ಹಾಕಲು ನನಗೆ ಕೈ ಬರಲಿಲ್ಲ.