ನಮ್ಮ ಓಣಿಗೆ ಮಾತ್ರ ಬಿದ್ದ ಮಳೆ

ನಡುರಾತ್ರಿ ಅಂಗಳದ ನಲ್ಲಿ ಉಸಿರು ಬಿಟ್ಟಿತು. ನೀರು ಬರುವ ಮುಂಚೆ ಕೊಳವೆಯಲ್ಲಿದ್ದ ಗಾಳಿ ಹೊರಬೀಳುವ ಸದ್ದು ಅದು, ಬೆಕ್ಕು ಸೀನಿದಷ್ಟು ಸಣ್ಣದು. ಭಾಲ್ಕಿಯ ನಮ್ಮ ಓಣಿಗೆ ನೀರಿನ ಪಾಳಿ ನಾಲ್ಕೈದು ದಿನಕ್ಕೊಮ್ಮೆ, ಅದೂ ಮಂದಿ ಮಲಗಿದ ಮೇಲೆ. ನನಗೆ ಹೇಗೂ ನಿದ್ದೆ ತೆಳು. ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆ ಕೌಸಲ್ಯಾಬಾಯಿ ಆಗಲೇ ಅಂಗಳದಲ್ಲಿದ್ದರು.

ಕೊಡ ತುಂಬಿದರು, ಬಕೆಟ್ ತುಂಬಿದರು, ಕುಕ್ಕರ್ ತುಂಬಿದರು, ಚಹಾದ ಪಾತ್ರೆಯನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಗೋಡೆಯ ಬದಿಗೆ ಇಟ್ಟಿಗೆಗಳ ನಡುವೆ ನಿಲ್ಲಿಸಿದ್ದ ಒಂದು ಪ್ಲಾಸ್ಟಿಕ್ ಬಾಟಲಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಅದಕ್ಕೂ ಅರ್ಧ ಲೋಟ ನೀರು ಸುರಿದು, ಸಮಾಧಾನದಿಂದ ಒಳಗೆ ಹೋಗಿ ಮಲಗಿದರು. ಕತ್ತಲಲ್ಲಿ ನಿಂತಿದ್ದ ನನ್ನನ್ನು ನೋಡಲಿಲ್ಲ.

ಆ ಬಾಟಲಿ ನನ್ನ ಮಗಳು ಪ್ರಣಿತಾಳ ಮಳೆಮಾಪಕ.

ಅವಳು ಎಂಟನೆಯ ತರಗತಿ. ಎಸೆದ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿ ಮಾಡಿದ್ದಳು. ಅಂಥದೇ ಇನ್ನೊಂದು ಶಾಲೆಯ ಅಂಗಳದಲ್ಲಿತ್ತು. ಮಳೆಗಾಲವಿಡೀ ಎರಡನ್ನೂ ನೋಡುತ್ತ ಬಂದವಳು ಒಂದು ವಿಚಿತ್ರವನ್ನು ಕಂಡುಹಿಡಿದಿದ್ದಳು: ಶಾಲೆಯ ಬಾಟಲಿ ಒಣಗಿರುವಾಗಲೂ ಕೆಲವು ದಿನ ನಮ್ಮ ಓಣಿಯ ಬಾಟಲಿಯಲ್ಲಿ ಎರಡು ಸೆಂಟಿಮೀಟರ್ ನೀರು. ಒಂದೇ ಊರು, ಎರಡು ಮಳೆ. ಅವಳ ವಿಜ್ಞಾನದ ನಾಹೀದ ಟೀಚರಿಗೆ ಇದು ಎಷ್ಟು ಹಿಡಿಸಿತೆಂದರೆ, ಬೀದರಿನ ವಸ್ತುಪ್ರದರ್ಶನಕ್ಕೆ ಶಾಲೆಯಿಂದ ಆಯ್ಕೆಯಾದ ಎರಡು ಮಾದರಿಗಳಲ್ಲಿ ಇದನ್ನೇ ಮೊದಲನೆಯದಾಗಿ ಬರೆದರು. ಹೊರಡುವ ದಿನ ಹತ್ತಿರದಲ್ಲೇ ಇತ್ತು.

ಬೆಳಿಗ್ಗೆ ಪ್ರಣಿತಾ ಬಾಟಲಿಯ ಮುಂದೆ ಕುಣಿದಳು. "ಅವ್ವಾ, ರಾತ್ರಿ ಮಳಿ ಬಂದದ ನೋಡು. ಮತ್ತ ಎರಡು ಸೆಂಟಿಮೀಟರ್."

ಓಣಿಯ ಮಣ್ಣು ಧೂಳಾಡುತ್ತಿತ್ತು. ಮಕ್ಕಳು ತಾವು ಕಂಡುಹಿಡಿದದ್ದನ್ನು ನೋಡುವಾಗ ಅದರ ಆಚೀಚೆ ನೋಡುವುದಿಲ್ಲ.

ನಾನು ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಯಾರದೋ ಮಾದರಿಗೆ ಯಾರದೋ ಹನಿ ಬಿದ್ದರೆ ಏನಾಗುತ್ತದೆಂಬ ಹೆದರಿಕೆಯಲ್ಲೇ ನನ್ನ ದಿನ ಕಳೆಯುತ್ತದೆ. ಬೀದರಿನಲ್ಲಿ ಯಾರಾದರೂ ಆ ದಿನಗಳ ಹವಾಮಾನ ತೆಗೆದು ನೋಡಿದರೆ ಮಗಳು ಸುಳ್ಳಿಯಾಗುತ್ತಾಳೆ. ನಿಜ ಹೇಳಿಬಿಡೋಣವೆಂದರೆ, ಅತ್ತೆ ತಾನೇ ಮೊಮ್ಮಗಳ ಕೆಲಸ ಕೆಡಿಸಿದೆನೆಂದು ತಿಳಿದು ಕುಗ್ಗುತ್ತಾರೆ. ಮೇಲಾಗಿ ಆ ಕಥೆ ಓಣಿಯ ನಗೆಯಾಗುತ್ತದೆ. ಅತ್ತೆ ಹುಟ್ಟಿದ್ದು ಖಟಕ ಚಿಂಚೋಳಿಯಲ್ಲಿ. ಅವರು ಸಣ್ಣವರಿದ್ದಾಗ ನಮ್ಮ ಮಂದಿ ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಬಿಂದಿಗೆ ಕೆಳಗಿಟ್ಟು, ಯಾರಾದರೂ ದೊಡ್ಡ ಮನಸ್ಸು ಮಾಡಿ ಸುರಿಯುವ ತನಕ ನಿಂತಿರಬೇಕಿತ್ತು. ನೀರು ಬಂದ ಹೊತ್ತಿನಲ್ಲಿ ಖಾಲಿ ಪಾತ್ರೆ ಕಂಡರೆ ಅವರಿಗೆ ತಡೆಯಲಾಗದು. ಈ ವಿಷಯಕ್ಕೆ ಅವರನ್ನು ನೋಡಿ ಯಾರೂ ನಗಬಾರದು ಎಂದು ನನಗೆ ಗಟ್ಟಿಯಾಗಿ ಅನಿಸಿತು.

ಹಾಗಾಗಿ ಮಗಳ ಪ್ರಯೋಗವೂ ಉಳಿಯಬೇಕು, ಅತ್ತೆಯ ಹೆಸರೂ ಬರಬಾರದು. ಇಡೀ ದಿನ ಲ್ಯಾಬಿನಲ್ಲಿ ಇದನ್ನೇ ಯೋಚಿಸಿದೆ. ನೀರನ್ನೇ ಮಾತಾಡಿಸುವುದು ಒಳ್ಳೆಯದು, ತಪ್ಪನ್ನು ಮಗಳೇ ಕಂಡುಹಿಡಿಯಲಿ ಎಂದು ಹೊಳೆಯಿತು.

ಭಿಕ್ಷುಗಳು ಮಳೆಗಾಲಕ್ಕೆ ಒಂದೆಡೆ ನೆಲೆ ನಿಲ್ಲುವ ವರ್ಷಾವಾಸದ ದಿನಗಳಾದ್ದರಿಂದ ಸಂಜೆ ಅತ್ತೆ ಗ್ರಂಥವಾಚನ ಕೇಳಲು ಬುದ್ಧವಿಹಾರಕ್ಕೆ ಹೋಗುತ್ತಾರೆ. ಅವರು ಹೋದ ಮೇಲೆ ಪ್ರಣಿತಾಳನ್ನು ಕರೆದೆ. ಪಕ್ಕದ ಮನೆಯ ಮಕರಂದನೂ ಅಲ್ಲೇ ಇದ್ದ. ಅವಳದೇ ತರಗತಿಯವನು, ಬೀದರಿಗೆ ಹೊರಟ ಎರಡನೆಯ ಮಾದರಿ ಅವನದು: ರಟ್ಟಿನ ಡಬ್ಬಿಗೆ ಕುರಕುರೆ ಪೊಟ್ಟಣಗಳ ಬೆಳ್ಳಿ ಬದಿಯನ್ನು ಅಂಟಿಸಿ ಮಾಡಿದ ಸೌರ ಒಲೆ.

"ಮಳಿ ನೀರಿಗೂ ನಮ್ಮ ನಲ್ಲಿ ನೀರಿಗೂ ಏನು ಫರಕ್ ಅದ, ಹೇಳ್ರಿ ನೋಡೋಣ," ಎಂದೆ.

"ಮಳಿ ನೀರಿಗಿ ಪಾಳಿ ಇರಂಗಿಲ್ಲ," ಎಂದ ಮಕರಂದ.

"ಶಾಣ್ಯಾ ಆಗಬ್ಯಾಡ," ಎಂದಳು ಪ್ರಣಿತಾ. "ನಲ್ಲಿಂದು ಬೋರಿನ ನೀರು, ಗಡಸು. ಸಾಬೂನಿನ ನೊರಿ ಬರಂಗಿಲ್ಲ. ಮಳಿ ನೀರಾಗ ಭಾಳ ಬರ್ತದ."

"ಹಂಗಾದ್ರ ಅದನ್ನೂ ತೋರಿಸು ಬೀದರದಾಗ. ನಿನ್ನ ಮಳಿ ಖರೇ ಮಳಿ ಅಂತ ಎಲ್ಲಾರಿಗೂ ತಿಳೀತದ."

ಹಿಂದಿನ ವಾರ ದೊಡ್ಡ ಮಳೆ ಬಂದಾಗ ಬಕೆಟಿನಲ್ಲಿ ಹಿಡಿದ ನೀರು ಇತ್ತು. ಅದನ್ನು ಒಂದು ಸಣ್ಣ ಶೀಷೆಗೆ, ನಲ್ಲಿಯ ನೀರನ್ನು ಇನ್ನೊಂದಕ್ಕೆ, ಮಾಪಕದ ನೀರನ್ನು ಮೂರನೆಯದಕ್ಕೆ ಹಾಕಿದಳು. ಮೂರಕ್ಕೂ ಒಂದೇ ಅಳತೆಯ ಸಾಬೂನಿನ ಚೂರು. ಮಕರಂದ ಎರಡು ಕೈಯಲ್ಲಿ ಎರಡು ಹಿಡಿದು, ಇವಳು ಒಂದು ಹಿಡಿದು ಅಲುಗಾಡಿಸಿದರು. ಮಳೆನೀರಿನ ಶೀಷೆಯಲ್ಲಿ ನೊರೆ ಬೂಚಿನ ತನಕ ಏರಿತು. ನಲ್ಲಿಯದರಲ್ಲಿ ಹಾಲು ಒಡೆದಂತೆ ಬಿಳಿ ಚೂರುಗಳು ತೇಲಿದವು. ಮಾಪಕದ ನೀರಿನಲ್ಲೂ ಅವೇ ಚೂರುಗಳು.

ಪ್ರಣಿತಾ ಆ ಶೀಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಕಿವಿಗಳು ಕೆಂಪಾದವು. ನಂತರ ಮಕರಂದನ ಕಡೆ ತಿರುಗಿದಳು.

"ನೀನೇ ಹಾಕೀದಿ."

"ನಾ? ನಾ ಯಾಕ ಹಾಕಲಿ?"

"ನಿನ್ನ ಒಲಿ ಎರಡನೇದು ಆತಲ್ಲ, ಅದಕ್ಕ ಹೊಟ್ಟಿಕಿಚ್ಚು. ನಾಳಿ ಟೀಚರಿಗಿ ಹೇಳ್ತೇನಿ."

"ಅಗ ಬಾಯಿ, ನಿಮ್ಮ ಬಾಗಿಲಿಗಿ ರಾತ್ರಿ ಒಳಗಿಂದ ಅಗಳಿ ಹಾಕ್ತಾರ. ಗ್ವಾಡಿ ಮ್ಯಾಲ ಗಾಜು ಹಚ್ಚೀರಿ. ನಾ ಏನು ಹಲ್ಲಿ ಏನು?" ಎಂದ ಮಕರಂದ. "ಒಳಗಿನವ್ರೇ ಯಾರೋ ಹಾಕ್ಯಾರ."

ಮಾತು ಸರಿಯಿತ್ತು. ನಾನು ಎಣಿಸದೆ ಬಿಟ್ಟಿದ್ದು ಇದೊಂದನ್ನೇ. ಮಗಳ ಅಪ್ಪ ಕೈಲಾಶ ಬಸ್ ಕಂಡಕ್ಟರ್, ಹೆಚ್ಚಿನ ರಾತ್ರಿ ಅವರ ಬಸ್ಸು ತಂಗುವುದು ಔರಾದದಲ್ಲಿ. ಉಳಿದವರು ನಾವು ಮೂವರು ಹೆಂಗಸರು. ಪ್ರಣಿತಾ ಅಂಗಳದಲ್ಲಿ ಸಾಲಾಗಿ ತುಂಬಿಟ್ಟ ಕೊಡಗಳನ್ನು ನೋಡಿದಳು. ಅವಳ ತಲೆಯಲ್ಲಿ ನೀರಿನ ಪಾಳಿಯೂ ನಮ್ಮ ಓಣಿಯ ಮಳೆಯೂ ಒಂದಕ್ಕೊಂದು ಕೂಡುತ್ತಿರುವುದು ನನಗೆ ಕಂಡಿತು. ಇನ್ನೇನು ಅವಳ ಕಣ್ಣು ಕೊಡಗಳ ಪಕ್ಕ ಅತ್ತೆ ಬಿಟ್ಟುಹೋಗಿದ್ದ ಲೋಟದ ಕಡೆ ಹೊರಳಲಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

ಅವಳು ತಟ್ಟನೆ ನನ್ನ ಮುಖ ನೋಡಿದಳು. "ಅವ್ವಾ. ನೀನಾ?"

ಮಾತನ್ನು ತೂಗಿ ಆಡುವವಳು ನಾನು. ಆಗ ತೂಗಲು ಸಮಯವಿರಲಿಲ್ಲ.

"ನಿದ್ದಿಗಣ್ಣು ಇರ್ತದವಾ," ಎಂದೆ. "ಪಾಳಿ ಬಂದಾಗ ಕಂಡದ್ದೆಲ್ಲಾ ತುಂಬೋದೇ."

"ಬಿ.ಎಸ್ಸಿ. ಓದಿ," ಎಂದಳು ಮಗಳು. ಮಕರಂದ ನಗು ತಡೆಯಲಾಗದೆ ತನ್ನ ಒಲೆಯೊಳಗೆ ತಲೆ ಹಾಕಿದ.

ಮರುದಿನ ಅವಳೇ ಹೋಗಿ ಟೀಚರಿಗೆ ಹೇಳಿದಳು. ಅವಳ ಹೆಸರು ಪಟ್ಟಿಯಿಂದ ಹೋಗುತ್ತದೆಂಬ ಹೆದರಿಕೆಯಲ್ಲಿ ನಾನು ಲ್ಯಾಬಿನಲ್ಲಿ ಒಂದೇ ಚೀಟಿಯನ್ನು ಎರಡು ಸಲ ಅಂಟಿಸಿದೆ. ಸಂಜೆ ಮಗಳು ಚೀಲ ಕುಣಿಸುತ್ತ ಬಂದಳು. ನಾಹೀದ ಟೀಚರ್ ಎಲ್ಲ ಕೇಳಿ ಅಂದದ್ದು ಇಷ್ಟು: "ಎರಡು ಮಳಿ ಅನ್ನೋದು ತೆಗೆದು ಹಾಕು. ಮೂರು ಶೀಷೆ ಇಡು. ತಪ್ಪು ಹಿಡಿದದ್ದು ನೀನೇ ಅಲ್ಲೇನು? ಅದನ್ನೇ ತೋರಿಸು."

ಬೀದರಿಗೆ ನಾನೂ ಹೋದೆ. ದೊಡ್ಡ ಹಾಲಿನ ತುಂಬ ಹಳೆ ಸೈಕಲ್ಲಿನ ಡೈನಮೊ, ತಗಡಿನ ಗಾಳಿಯಂತ್ರ, ರದ್ದಿ ಕಾಗದದ ಮುದ್ದೆಯಿಂದ ಮಾಡಿದ ಬುಟ್ಟಿಗಳು. ಗಾಳಿಯಂತ್ರ ತಂದ ಮನ್ನಳ್ಳಿಯ ಹುಡುಗರು, ಒಳಗೆ ಗಾಳಿಯಿಲ್ಲವೆಂದು ಅದರ ಮುಂದೆ ಕರೆಂಟಿನ ಫ್ಯಾನ್ ಹಚ್ಚಿ ಕರೆಂಟು ಹುಟ್ಟಿಸುತ್ತಿದ್ದರು. ಹೊರಗೆ ಮೋಡ. ಮಕರಂದ ತನ್ನ ಒಲೆಯಲ್ಲಿಟ್ಟ ಶೇಂಗಾ ಬೆಚ್ಚಗಾದವೇ ಎಂದು ಮತ್ತೆ ಮತ್ತೆ ಒಂದೊಂದನ್ನೇ ತಿಂದು ನೋಡುತ್ತಿದ್ದ. ಪರೀಕ್ಷಕರು ಅವನ ಹತ್ತಿರ ಬರುವಷ್ಟರಲ್ಲಿ ಒಲೆ ಖಾಲಿಯಾಗಿತ್ತು.

ಪರೀಕ್ಷಕರು ವಯಸ್ಸಾದ ಮೇಷ್ಟರು. ಪ್ರಣಿತಾಳ ಮೂರು ಶೀಷೆಗಳನ್ನು ತಾವೇ ಅಲುಗಾಡಿಸಿ ನೋಡಿದರು.

"ಮಾಪಕದಾಗ ನಲ್ಲಿ ನೀರು ಹ್ಯಾಂಗ ಬಂತು ಮಗಳೇ?"

"ನಮ್ಮವ್ವ ಹಾಕ್ಯಾರರಿ. ಪಾಳಿ ಬಂದಾಗ ನಿದ್ದಿಗಣ್ಣಾಗ."

"ಏನು ಓದ್ಯಾರ ನಿಮ್ಮವ್ವ?"

"ಬಿ.ಎಸ್ಸಿ. ರಿ. ಅಕಾ, ಅಲ್ಲಿ ನಿಂತಾರ ನೋಡ್ರಿ."

ಹಾಲಿನ ಆ ಮೂಲೆಯೆಲ್ಲ ನಕ್ಕಿತು. ಮೇಷ್ಟರು ನನ್ನ ಕಡೆ ತಿರುಗಿ ಕೈಮುಗಿದರು. "ಪರ್ವಾ ಇಲ್ಲ ಬಿಡ್ರಿ ತಾಯಿ. ನಮ್ಮ ಮನ್ಯಾಗ ಪಾಳಿ ಬಂದ್ರ ಹೂವಿನ ಕುಂಡಾನೂ ಬಿಡಂಗಿಲ್ಲ." ನಾನು ಸೆರಗಿನ ತುದಿ ಹುಡುಕಿದೆ, ಆ ದಿನ ತೊಟ್ಟಿದ್ದು ಚೂಡಿದಾರ. ಪ್ರಣಿತಾಳಿಗೆ ಎರಡನೆಯ ಬಹುಮಾನ ಬಂತು.

ಮನೆ ಸೇರಿದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮಗಳು ಅವರ ಪಕ್ಕ ಕುಳಿತು ಉಸಿರು ಬಿಡದೆ ಎಲ್ಲ ಹೇಳಿದಳು. "ಆಯಿ, ಅದು ಮಳಿ ಅಳಿಯೋ ಬಾಟಲಿ. ಅದರಾಗ ಅವ್ವ ಪ್ರತೀ ಪಾಳಿಗಿ ಅರ್ಧ ಲೋಟ ನೀರು ಹಾಕ್ಯಾಳ."

ಅತ್ತೆಯ ಕೈ ರೊಟ್ಟಿಯ ಮೇಲೆ ನಿಂತಿತು. ಅವರಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಬಾಯಿ ತೆರೆದರು. ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ, "ಹೌದ್ರಿ ಅತ್ತಿ. ನಂದೇ ತಪ್ಪು."

ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಅತ್ತೆ ಅದನ್ನು ಮಗುಚಿ ಹಾಕಿ, ಮೊಮ್ಮಗಳ ತಲೆ ಸವರಿದರು. ಆಮೇಲೆ ನಿಧಾನವಾಗಿ ಅಂದರು: "ಓದಿದಾಕಿ ಅಂತ ಸೊಸಿ ಮಾಡಿಕೊಂಡು ಬಂದೆವು. ಬಾಟಲಿ ಯಾವುದು, ಬಿಂದಿಗಿ ಯಾವುದು, ಅಷ್ಟೂ ತಿಳಿಯಂಗಿಲ್ಲ." ನನ್ನ ತಾಟಿಗೆ ಮೊದಲ ಬಿಸಿ ರೊಟ್ಟಿ ಬಿತ್ತು, ಅದರ ಮೇಲೆ ಬೆಣ್ಣೆ.

ವಾರ ಕಳೆಯುವುದರೊಳಗೆ ಓಣಿಗೆಲ್ಲ ಸುದ್ದಿ. ಅತ್ತೆಯೇ ಮನೆಮನೆಗೆ ಹೇಳಿಬಂದಿದ್ದರು, ಪ್ರತಿ ಮನೆಯಲ್ಲೂ ಕಥೆ ಸ್ವಲ್ಪ ಬೆಳೆದಿತ್ತು. ಮೂಲೆಮನೆಯ ಶೇವಂತಾಬಾಯಿ ನನ್ನನ್ನು ಕಂಡು, "ಏನವಾ ಉಜ್ವಲಾ, ನಮ್ಮ ಬಾಟಲಿನೂ ಖಾಲಿ ಅದ ನೋಡು," ಎಂದರು.

ಔರಾದದಿಂದ ಬಂದ ಕೈಲಾಶ ಮಾತ್ರ ಊಟಕ್ಕೆ ಕುಳಿತು ನನ್ನನ್ನೇ ನೋಡಿದರು. "ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಬಸ್‌ಸ್ಟ್ಯಾಂಡಿನಿಂದ ವಾಪಸ್ ಬರಾಕಿ ನೀನು. ನೀ ಹಂಗ ಮಾಡಾಕಿ ಅಲ್ಲ. ಖರೇ ಹೇಳು, ಏನಾತು?"

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

ಇವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

"ನಿದ್ದಿಗಣ್ಣು ಇತ್ತರಿ," ಎಂದು ಅವರ ತಾಟಿಗೆ ಇನ್ನೊಂದು ಸೌಟು ಬೇಳೆ ಹಾಕಿದೆ.